ಅಡ್ವೆಂಚರ್ ಬೈಕಿಗೆ ಹೊಸ ಟೈರ್ ಆರಿಸುವ ಬಗೆ

ಷೋರೂಮಿನಿಂದ ಬೈಕಿನ ಜತೆ ಬಂದ ಮೊದಲ ಜೋಡಿ ಟೈರ್ ಸವೆದಾಗ ಅಡ್ವೆಂಚರ್ ಟೂರಿಂಗ್ ಬೈಕಿನ ಮಾಲೀಕರ ಮುಂದೆ ಎರಡು ದಾರಿಗಳಿರುತ್ತವೆ. ಅದೇ ಟೈರನ್ನು ಮತ್ತೆ ಹಾಕಿಸಿಕೊಳ್ಳುವುದು ಒಂದು, ಇದೇ ಸಂದರ್ಭವೆಂದು ಬೇರೆ ಬಗೆಯ ಟೈರಿಗೆ ಬದಲಾಗುವುದು ಇನ್ನೊಂದು. ಎರಡನೆಯ ದಾರಿ ಹಿಡಿಯುವವರಲ್ಲಿ ಹೆಚ್ಚಿನವರ ಮನಸ್ಸು ಎತ್ತರದ ಕಟ್ಟುಗಳಿರುವ, ಅಂದರೆ ನೆಲಕ್ಕೆ ತಾಗುವ ರಬ್ಬರ್ ಉಬ್ಬುಗಳು ಎತ್ತರವಾಗಿರುವ ಬಟನ್ ಟೈರಿನ ಕಡೆಗೆ ವಾಲುತ್ತದೆ, ಏಕೆಂದರೆ ಅದನ್ನು ಹಾಕಿಸಿದ ಕೂಡಲೇ ಬೈಕಿಗೆ ಒಂದು ಗತ್ತು ಬರುತ್ತದೆ. ವರ್ಷಕ್ಕೊಮ್ಮೆ ಹೋಗಬಹುದಾದ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಟೈರ್ ಆರಿಸಿದರೆ ಉಳಿದ ದಿನಗಳಲ್ಲೆಲ್ಲ ಅದರ ಬೆಲೆ ತೆರಬೇಕಾಗುತ್ತದೆ. ವಾರವಾರವೂ ಓಡಾಡುವ ದಾರಿಗೆ, ಅದರಲ್ಲೂ ಆ ದಾರಿ ಮಳೆಯಲ್ಲಿ ನೆನೆದಾಗಿನ ಸ್ಥಿತಿಗೆ ತಕ್ಕಂತೆ ಆರಿಸಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆ ಆರಿಸುವಾಗ ನೋಡಬೇಕಾದ ಅಂಶಗಳನ್ನು ಇಲ್ಲಿ ವಿವರಿಸಿದ್ದೇನೆ.

ಉದಾಹರಣೆಗೆ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕನ್ನು ಇಟ್ಟುಕೊಳ್ಳೋಣ. ಅದರ ಮುಂದಿನ ಟೈರ್ 90/90-21, ಹಿಂದಿನದು 120/90-17. ಎಕ್ಸ್‌ಪಲ್ಸ್ 200, ವಿ-ಸ್ಟ್ರಾಮ್ ಎಸ್‌ಎಕ್ಸ್, ಹಿಮಾಲಯನ್ 450, ಬಿಎಂಡಬ್ಲ್ಯು ಜಿ 310 ಜಿಎಸ್ ಮೊದಲಾದ ಬೈಕುಗಳ ಅಳತೆಗಳು ಬೇರೆಯಾದರೂ ಲೆಕ್ಕ ಹಾಕುವ ಕ್ರಮ ಒಂದೇ.

ಹಳೆಯ ಟೈರಿನಿಂದ ಆರಂಭಿಸಿ

ಅಂಗಡಿಗೆ ಹೋಗುವ ಮೊದಲು ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹಗಲು ಬೆಳಕಿನಲ್ಲಿ ಹಿಂದಿನ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ ಹಳೆಯ ಟೈರನ್ನು ನೋಡಬೇಕು. ನಡುಭಾಗ ಚಪ್ಪಟೆಯಾಗಿ ಸವೆದು ಅಂಚಿನ ಕಟ್ಟುಗಳು ಇನ್ನೂ ಹೊಸದರಂತೆ ನಿಂತಿದ್ದರೆ ಬೈಕು ಬಹುಪಾಲು ನೇರ ಹೆದ್ದಾರಿಯಲ್ಲಿ ಓಡಿದೆ ಎಂದರ್ಥ. ಮಾಲೀಕರ ನೆನಪಿನಲ್ಲಿ ಕಾಡುದಾರಿಗಳೇ ತುಂಬಿದ್ದರೂ ಲೆಕ್ಕಕ್ಕೆ ಹಿಡಿಯಬೇಕಾದದ್ದು ಈ ಸವೆತವನ್ನು. ಅಂಚಿನವರೆಗೂ ಸಮನಾಗಿ ಸವೆದಿದ್ದರೆ ಘಾಟಿ ತಿರುವುಗಳಲ್ಲಿ ಹೆಚ್ಚು ಓಡಿದೆ. ಕಟ್ಟುಗಳ ಮೂಲೆಗಳು ಚೂರುಚೂರಾಗಿ ಕಿತ್ತು ಬಂದಿದ್ದರೆ ಚೂಪು ಜಲ್ಲಿಯ ಮೇಲೆ ಓಡಿದೆ. ಮುಂದಿನ ಟೈರಿನ ಕಟ್ಟುಗಳು ಒಂದು ಬದಿ ಎತ್ತರ, ಇನ್ನೊಂದು ಬದಿ ತಗ್ಗಾಗಿ ಗರಗಸದ ಹಲ್ಲಿನಂತೆ ಸವೆದಿದ್ದರೆ ಗಾಳಿ ಕಡಿಮೆ ಇದ್ದಿರಬಹುದು, ಇಲ್ಲವೇ ಬ್ಯಾಲೆನ್ಸಿಂಗ್, ಸಸ್ಪೆನ್ಷನ್ ಅಥವಾ ಸ್ಟಿಯರಿಂಗ್ ಬೇರಿಂಗಿನಲ್ಲಿ ದೋಷವಿರಬಹುದು. ಆ ದೋಷವನ್ನು ಮೊದಲು ಸರಿಪಡಿಸದೆ ಎಷ್ಟೇ ದುಬಾರಿ ಟೈರ್ ಹಾಕಿಸಿದರೂ ಅದು ಕೂಡ ಹಾಗೆಯೇ ಸವೆಯುತ್ತದೆ.

ಟೈರ್ ಬದಲಿಸುವ ಕಾಲ ಬಂದಿದೆಯೇ ಎಂದು ತಿಳಿಯಲು ಕಟ್ಟುಗಳ ನಡುವಿನ ಕಾಲುವೆಯಲ್ಲಿ ಅಡ್ಡಲಾಗಿ ಉಬ್ಬಿರುವ ಸಣ್ಣ ರಬ್ಬರ್ ದಿಣ್ಣೆಯನ್ನು ನೋಡಬೇಕು. ಕಟ್ಟು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಟೈರಿನ ಆಯಸ್ಸು ಮುಗಿದಂತೆ. ನಮ್ಮ ಮೋಟಾರು ವಾಹನ ನಿಯಮಗಳು ದ್ವಿಚಕ್ರ ವಾಹನಕ್ಕೆ ಕನಿಷ್ಠ 0.8 ಮಿ.ಮೀ. ಆಳವನ್ನು ಹೇಳುತ್ತವೆಯಾದರೂ, ಮಳೆಗಾಲ ಎದುರಿಗಿರುವಾಗ 2 ಮಿ.ಮೀ.ಗಿಂತ ಕಡಿಮೆ ಉಳಿದಿರುವ ಟೈರಿನಲ್ಲಿ ಘಾಟಿ ಹತ್ತುವುದು ನನಗೆ ಸರಿ ಕಾಣುವುದಿಲ್ಲ. ಕಟ್ಟು ಚೆನ್ನಾಗಿಯೇ ಉಳಿದಿದ್ದರೂ ಪಕ್ಕೆಯಲ್ಲಿ ಸೂಕ್ಷ್ಮ ಬಿರುಕುಗಳು ಬಿಟ್ಟಿದ್ದರೆ ರಬ್ಬರ್ ಒಣಗಿದೆ ಎಂದು ತಿಳಿದು ಬದಲಿಸಬೇಕು.

ಪಕ್ಕೆಯ ಮೇಲಿನ ಅಂಕಿಗಳು

120/90-17 ಎಂಬಲ್ಲಿ 120 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 90 ಎಂಬುದು ಆ ಅಗಲದ ಶೇಕಡಾವಾರು ಎತ್ತರ, ಅಂದರೆ 108 ಮಿ.ಮೀ.; 17 ಎಂಬುದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಈ ಲೆಕ್ಕದಿಂದ ಟೈರಿನ ಒಟ್ಟು ವ್ಯಾಸ ಸುಮಾರು 648 ಮಿ.ಮೀ. ಆಗುತ್ತದೆ. ಅದೇ ಅಳತೆ ಸಿಗದೆ ಅಂಗಡಿಯವರು 130/80-17 ತೋರಿಸಿದರೆ ಗಾಬರಿಯಾಗಬೇಕಿಲ್ಲ, ಅದರ ವ್ಯಾಸ ಸುಮಾರು 640 ಮಿ.ಮೀ.; ವ್ಯತ್ಯಾಸ ಶೇ 1ಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ವ್ಯಾಸ ಹೆಚ್ಚು ಬದಲಾದರೆ ಸ್ಪೀಡೋಮೀಟರ್ ತಪ್ಪು ತೋರಿಸುವುದಷ್ಟೇ ಅಲ್ಲ, ಎರಡೂ ಚಕ್ರಗಳ ವೇಗವನ್ನು ಹೋಲಿಸಿ, ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ಎಣಿಕೆಯೂ ಏರುಪೇರಾಗಬಹುದು.

ಆದರೆ ವ್ಯಾಸ ಹೊಂದಿದ ಮಾತ್ರಕ್ಕೆ ಅಗಲ ಹೊಂದುತ್ತದೆ ಎಂದು ತಿಳಿಯಬಾರದು. ಕಿರಿದಾದ ರಿಮ್ಮಿಗೆ ಅಗಲದ ಟೈರ್ ಹಾಕಿದರೆ ಅದರ ಪಕ್ಕೆಗಳು ಒಳಕ್ಕೆ ಎಳೆಯಲ್ಪಟ್ಟು ನಡುಭಾಗ ಉಬ್ಬುತ್ತದೆ. ನೇರವಾಗಿ ಓಡುವಾಗ ನೆಲಕ್ಕೆ ತಾಗುವ ಭಾಗ ಹೆಚ್ಚುವುದಕ್ಕೆ ಬದಲಾಗಿ ಕಡಿಮೆಯಾಗುತ್ತದೆ, ತಿರುವಿನಲ್ಲಿ ಬೈಕು ಒಮ್ಮೆಲೇ ವಾಲಿದಂತಾಗುತ್ತದೆ. ಟೈರ್ ಕಂಪನಿಗಳು ಪ್ರತಿ ಅಳತೆಗೂ ಹೊಂದುವ ರಿಮ್ ಅಗಲವನ್ನು ಪ್ರಕಟಿಸಿರುತ್ತವೆ. ನಿಮ್ಮ ರಿಮ್ಮಿನ ಅಗಲ ರಿಮ್ಮಿನ ಮೇಲೆಯೇ ಅಚ್ಚಾಗಿರುತ್ತದೆ. ಅದರ ಜತೆಗೆ ಚೈನಿಗೂ ಟೈರಿಗೂ ನಡುವೆ, ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಒಳಬದಿಗೂ ಟೈರಿಗೂ ನಡುವೆ ಎಷ್ಟು ಜಾಗವಿದೆ ಎಂದು ಬೆರಳು ತೂರಿಸಿ ನೋಡಬೇಕು.

ಅಳತೆಯ ಬಳಿಕ 64ಎಸ್ ಎಂಬಂಥ ಒಂದು ಸಂಕೇತವಿರುತ್ತದೆ. ಗ್ರಾಹಕರು ಬಹುಮಟ್ಟಿಗೆ ಓದದೆ ಬಿಡುವುದು ಇದನ್ನೇ, ಪ್ರವಾಸದ ಬೈಕಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಅದರಲ್ಲಿನ ಅಂಕಿಯೇ ಭಾರಾಂಕ. 64 ಎಂದರೆ ಪೂರ್ಣ ಗಾಳಿಯಿರುವಾಗ ಆ ಟೈರ್ 280 ಕಿಲೋ ಹೊರಬಲ್ಲದು. 58 ಎಂದರೆ 236 ಕಿಲೋ. 54 ಎಂದರೆ 212 ಕಿಲೋ. ಹಿಮಾಲಯನ್ 411ರ ತೂಕ ಪೆಟ್ರೋಲ್ ಸಹಿತ ಸುಮಾರು 199 ಕಿಲೋ. ಸವಾರ 75 ಕಿಲೋ, ಹಿಂದೆ ಕುಳಿತವರು 60 ಕಿಲೋ, ಪ್ಯಾನಿಯರ್ (ಪಕ್ಕದ ಪೆಟ್ಟಿಗೆ) ಸಾಮಾನು 30 ಕಿಲೋ ಎಂದಿಟ್ಟುಕೊಂಡರೆ ಒಟ್ಟು 364 ಕಿಲೋ ಆಯಿತು. ಇಬ್ಬರು ಕುಳಿತು ಸಾಮಾನು ಕಟ್ಟಿದಾಗ ಭಾರದ ಮುಕ್ಕಾಲು ಪಾಲಿಗೆ ಹತ್ತಿರವಲ್ಲದಿದ್ದರೂ ಅರ್ಧಕ್ಕಿಂತ ಸಾಕಷ್ಟು ಹೆಚ್ಚು ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಶೇ 63 ಎಂದು ಹಿಡಿದರೂ 229 ಕಿಲೋ. 64ರ ಟೈರಿಗೆ ಇದು ಸಲೀಸು. 58ರ ಟೈರಿಗೆ ಉಳಿಯುವ ಅಂತರ ಬರೀ 7 ಕಿಲೋ, ಅದೂ ನಿಂತ ಬೈಕಿಗೆ. ಗುಂಡಿಗೆ ಇಳಿದಾಗಿನ ಹೊಡೆತ ಈ ಲೆಕ್ಕದಲ್ಲಿ ಸೇರಿಲ್ಲ, ಗಾಳಿ ಕಡಿಮೆಯಾದಂತೆ ಹೊರುವ ಶಕ್ತಿಯೂ ಕುಗ್ಗುತ್ತದೆ. ಆದ್ದರಿಂದ ಕಂಪನಿಯ ಮೂಲ ಟೈರಿಗಿಂತ ಕಡಿಮೆ ಭಾರಾಂಕದ ಟೈರ್ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ.

ಕೊನೆಯ ಅಕ್ಷರ ವೇಗಮಿತಿಯದು. ಎಂ ಎಂದರೆ ಗಂಟೆಗೆ 130 ಕಿ.ಮೀ., ಪಿ ಎಂದರೆ 150, ಕ್ಯೂ ಎಂದರೆ 160, ಎಸ್ ಎಂದರೆ 180, ಎಚ್ ಎಂದರೆ 210. ನಿಮ್ಮ ಬೈಕಿನ ಗರಿಷ್ಠ ವೇಗಕ್ಕಿಂತ ಇದು ಮೇಲಿರಬೇಕು. ಎತ್ತರದ ಕಟ್ಟುಗಳುಳ್ಳ ಟೈರಿಗೆ ಈ ಮಿತಿ ಸಾಮಾನ್ಯವಾಗಿ ಕಡಿಮೆ ಇರುತ್ತದೆ, ಏಕೆಂದರೆ ವೇಗದಲ್ಲಿ ಆ ಕಟ್ಟುಗಳು ಬಾಗಿ ಬಿಸಿಯೇರುತ್ತವೆ.

ಇನ್ನು ಅಳತೆಯ ನಡುವೆ ಸಣ್ಣ ಗೆರೆಯಿದ್ದರೆ ಅದು ಒಳಗಿನ ಎಳೆಗಳು ಓರೆಯಾಗಿ ಹಾಯ್ದ ಬಯಾಸ್ ಟೈರ್, ಆರ್ ಅಕ್ಷರವಿದ್ದರೆ ಎಳೆಗಳು ನೇರ ಅಡ್ಡಲಾಗಿರುವ ರೇಡಿಯಲ್. ಮುಂದೊಂದು ಬಗೆ, ಹಿಂದೊಂದು ಬಗೆ ಹಾಕುವುದು ಬೈಕಿನ ಅಥವಾ ಟೈರಿನ ಕಂಪನಿ ಸೂಚಿಸಿದ್ದರೆ ಮಾತ್ರ ಸರಿ.

50-50 ಎಂಬ ಲೆಕ್ಕದ ನಿಜಾಂಶ

ಅಡ್ವೆಂಚರ್ ಟೈರುಗಳನ್ನು 90-10, 80-20, 50-50 ಎಂದು ಗುರುತಿಸುವ ರೂಢಿಯಿದೆ. ಮೊದಲ ಅಂಕಿ ಡಾಂಬರು ರಸ್ತೆಯ ಪಾಲು, ಎರಡನೆಯದು ಮಣ್ಣುದಾರಿಯ ಪಾಲು. ಮಿಷೆಲಿನ್ ತನ್ನ ಅನಾಕೀ ಅಡ್ವೆಂಚರ್ ಟೈರನ್ನು 80-20 ಎನ್ನುತ್ತದೆ, ಅನಾಕೀ ವೈಲ್ಡ್ ಟೈರನ್ನು 50-50 ಎನ್ನುತ್ತದೆ. ಕಾಂಟಿನೆಂಟಲ್ ಟಿಕೆಸಿ 80 ಮಣ್ಣಿನ ಕಡೆಗೆ ಸ್ಪಷ್ಟವಾಗಿ ವಾಲಿದ ಬಟನ್ ಟೈರ್, ಅದರ ತಮ್ಮನಾದ ಟಿಕೆಸಿ 70 ರಸ್ತೆಯ ಕಡೆಗೆ ವಾಲಿದ್ದು. ಮೆಟ್ಸೆಲರ್ ಟೂರಾನ್ಸ್ ಬಹುಪಾಲು ರಸ್ತೆಯ ಟೈರ್. ಆದರೆ ಈ ಅಂಕಿಗಳನ್ನು ಅಳೆದು ಮುದ್ರೆ ಒತ್ತುವ ಸಂಸ್ಥೆಯೇನೂ ಇಲ್ಲ; ಪ್ರತಿ ಕಂಪನಿಯೂ ತನ್ನದೇ ಅಂದಾಜಿನಲ್ಲಿ ಹೇಳಿಕೊಳ್ಳುತ್ತದೆ. ಒಂದು ಕಂಪನಿಯ 70-30 ಇನ್ನೊಂದರ 60-40ಕ್ಕಿಂತ ಮಣ್ಣಿನಲ್ಲಿ ಚೆನ್ನಾಗಿ ಹಿಡಿಯುವುದೂ ಉಂಟು.

ಅಂಕಿಗಿಂತ ಕಣ್ಣಿಗೆ ಕಾಣುವ ಎರಡು ಲಕ್ಷಣಗಳನ್ನು ನಂಬುವುದು ಉತ್ತಮ. ಕಟ್ಟುಗಳ ನಡುವಿನ ಖಾಲಿ ಜಾಗ ಎಷ್ಟು ಎಂಬುದು ಮೊದಲನೆಯದು, ನಡುಭಾಗದಲ್ಲಿ ಕಟ್ಟುಗಳು ಒಂದಕ್ಕೊಂದು ಕೂಡಿಕೊಂಡು ಪಟ್ಟಿಯಂತೆ ಇವೆಯೇ ಅಥವಾ ಬಿಡಿಬಿಡಿಯಾಗಿ ನಿಂತಿವೆಯೇ ಎಂಬುದು ಎರಡನೆಯದು. ಖಾಲಿ ಜಾಗ ಹೆಚ್ಚಿದಷ್ಟೂ ಸಡಿಲ ನೆಲವನ್ನು ಕಚ್ಚುವ ಶಕ್ತಿ ಹೆಚ್ಚು, ಆದರೆ ಡಾಂಬರಿಗೆ ತಾಗುವ ರಬ್ಬರ್ ಕಡಿಮೆ. ಬ್ರೇಕ್ ಒತ್ತಿದಾಗ ಬೈಕನ್ನು ನಿಲ್ಲಿಸುವುದು ಆ ತಾಗಿದ ರಬ್ಬರೇ ಆದ್ದರಿಂದ, ಒದ್ದೆ ರಸ್ತೆಯಲ್ಲಿ ಬಟನ್ ಟೈರಿನ ಬೈಕು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಬಿಡಿ ಕಟ್ಟುಗಳು ಡಾಂಬರಿನ ಮೇಲೆ ಬೇಗ ಸವೆಯುತ್ತವೆ ಕೂಡ: ರಸ್ತೆಯ ಕಡೆಗೆ ವಾಲಿದ ಹಿಂದಿನ ಟೈರ್ 12 ಸಾವಿರ ಕಿ.ಮೀ.ಗಿಂತ ಹೆಚ್ಚು ಬರುವ ಬೈಕಿನಲ್ಲಿ ಬಟನ್ ಟೈರ್ ಅದರ ಅರ್ಧದಷ್ಟು ಬಂದರೆ ಸಮಾಧಾನ ಪಡಬೇಕು.

ನಮ್ಮ ನೆಲದ ಮೂರು ಪರೀಕ್ಷೆಗಳು

ವಿದೇಶದ ಪರೀಕ್ಷಾ ವರದಿಗಳಲ್ಲಿ ಮಣ್ಣುದಾರಿ ಎಂದರೆ ಸಾಮಾನ್ಯವಾಗಿ ಒಣ ಜಲ್ಲಿ ಅಥವಾ ಮರಳು. ಕರ್ನಾಟಕದಲ್ಲಿ ಬೈಕು ಓಡಿಸುವವರಿಗೆ ಬೇರೆ ಪರೀಕ್ಷೆಗಳಿವೆ.

ಮೊದಲನೆಯದು ಮಳೆಗಾಲದ ಘಾಟಿ. ಕಾಂಕ್ರೀಟ್ ಹಾಸಿದ ಶಿರಾಡಿ ಘಾಟಿಯಾಗಲಿ, ಚಾರ್ಮಾಡಿಯಾಗಲಿ, 14 ಹೇರ್‌ಪಿನ್ ತಿರುವುಗಳ ಆಗುಂಬೆಯಾಗಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬೇಕಾಗುವುದು ಒದ್ದೆ ನೆಲವನ್ನು ಬಿಡದ ಮೃದು ರಬ್ಬರ್ ಮತ್ತು ನೀರನ್ನು ಬದಿಗೆ ತಳ್ಳುವ ಕಾಲುವೆಗಳು. ತಿರುವಿನ ಒಳಬದಿಯಲ್ಲಿ ಲಾರಿಗಳಿಂದ ಚೆಲ್ಲಿದ ಡೀಸೆಲ್, ನೆರಳು ಬಿದ್ದ ಕಡೆಗಳಲ್ಲಿ ರಸ್ತೆಯಂಚಿನ ಪಾಚಿ, ಕೊಚ್ಚಿ ಬಂದ ಎಲೆಗಳು, ಇವುಗಳ ಮೇಲೆ ಕಟ್ಟಿನ ಎತ್ತರದಿಂದ ಯಾವ ಉಪಯೋಗವೂ ಇಲ್ಲ. ಕಟ್ಟುಗಳ ಮೇಲ್ಮೈಯಲ್ಲಿ ಕತ್ತಿಯಿಂದ ಗೀರಿದಂತೆ ಕಾಣುವ ಸಣ್ಣ ಸೀಳುಗಳಿರುವ, ಸಿಲಿಕಾ ಬೆರೆತ ರಬ್ಬರಿನ 80-20 ಟೈರ್ ಇಲ್ಲಿ ಬಟನ್ ಟೈರಿಗಿಂತ ಎಷ್ಟೋ ಮೇಲು. ಬೆಂಗಳೂರಿನಿಂದ ಮಲೆನಾಡಿಗೂ ಕರಾವಳಿಗೂ ವಾರಾಂತ್ಯ ಹೋಗಿಬರುವ ಸವಾರರಿಗೆ ನಾನು ಇದಕ್ಕಿಂತ ಒರಟಾದ ಟೈರನ್ನು ಸೂಚಿಸುವುದಿಲ್ಲ.

ಎರಡನೆಯದು ಕೆಂಪುಮಣ್ಣು. ಕೊಡಗಿನ, ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ, ಅಡಿಕೆ ತೋಟಗಳ ನಡುವಿನ ಏರುಗಳಲ್ಲಿ ತಳ ಗಟ್ಟಿಯಾಗಿದ್ದು ಮೇಲೆ ತೆಳುವಾದ ಕೆಸರಿನ ಪದರವಿರುತ್ತದೆ. ಇಲ್ಲಿ ಮಾತ್ರ ಬಿಡಿ ಕಟ್ಟುಗಳ ಪ್ರಯೋಜನ ಕಣ್ಣಿಗೆ ಕಾಣುತ್ತದೆ, ಏಕೆಂದರೆ ಅವು ಆ ಪದರವನ್ನು ತೂರಿ ಕೆಳಗಿನ ಗಟ್ಟಿ ನೆಲವನ್ನು ಮುಟ್ಟುತ್ತವೆ. ಮನೆಗೆ ಹೋಗುವ ಕೊನೆಯ ಮೂರು ನಾಲ್ಕು ಕಿಲೋಮೀಟರ್ ಇಂಥ ದಾರಿಯೇ ಆಗಿರುವವರು, ಉಳಿದ ಓಡಾಟವೆಲ್ಲ ಡಾಂಬರಿನ ಮೇಲಿದ್ದರೂ, 60-40ರ ಸುತ್ತಮುತ್ತಲಿನ ಟೈರನ್ನು ಯೋಚಿಸುವುದು ನ್ಯಾಯ.

ಮೂರನೆಯದು ಎರೆಮಣ್ಣು. ಗದಗ, ಧಾರವಾಡ, ವಿಜಯಪುರದ ಕಡೆಯ ಹೊಲದ ದಾರಿ ಒಣಗಿದ್ದಾಗ ಯಾವ ಟೈರಿಗೂ ಸಲ್ಲುತ್ತದೆ, ಒಂದು ಮಳೆ ಬಿದ್ದ ಮೇಲೆ ಯಾವ ಟೈರಿಗೂ ಸಲ್ಲುವುದಿಲ್ಲ. ಅಂಟು ಮಣ್ಣು ಕಟ್ಟುಗಳ ನಡುವೆ ತುಂಬಿಕೊಂಡು, ಚಕ್ರದ ಎರಡು ಸುತ್ತಿಗೆ ಬಟನ್ ಟೈರ್ ಕೂಡ ಬೋಳು ಟೈರಾಗುತ್ತದೆ. ಬಳಿಕ ಟೈರಿಗೂ ಕೆಳಗಿನ ಮಡ್‌ಗಾರ್ಡಿಗೂ ನಡುವೆ ಹೆಪ್ಪುಗಟ್ಟಿ ಮುಂದಿನ ಚಕ್ರವನ್ನೇ ತಿರುಗದಂತೆ ಹಿಡಿದುಬಿಡುತ್ತದೆ. ಹಿಮಾಲಯನ್ 411ರಲ್ಲಿ ಮೇಲೊಂದು, ಕೆಳಗೊಂದು ಎರಡು ಮುಂದಿನ ಮಡ್‌ಗಾರ್ಡ್‌ಗಳಿದ್ದು, ತೊಂದರೆ ಕೊಡುವುದು ಕೆಳಗಿನದು. ಎತ್ತರದ ಕಟ್ಟುಗಳ ಟೈರ್ ಹಾಕಿಸಿದಷ್ಟೂ ಅಲ್ಲಿನ ಅಂತರ ಕಡಿಮೆಯಾಗುತ್ತದೆ ಎಂಬುದು ನೆನಪಿರಲಿ. ಎರೆನೆಲಕ್ಕಾಗಿ ಟೈರ್ ಆರಿಸುವ ಯೋಚನೆಯನ್ನೇ ಬಿಟ್ಟು, ನೆಲ ಆರುವವರೆಗೆ ಕಾಯುವುದು ಅಥವಾ ಬಳಸುದಾರಿ ಹಿಡಿಯುವುದು ಜಾಣತನ. ಆ ಊರಿನವರು ಮಾಡುವುದೂ ಅದನ್ನೇ.

ಲಡಾಖಿಗೆ ಹೊರಟವರು ಬಟನ್ ಟೈರ್ ಕಡ್ಡಾಯವೆಂದು ತಿಳಿದಿರುತ್ತಾರೆ. ಬೆಂಗಳೂರಿನಿಂದ ಬೈಕಿನಲ್ಲೇ ಹೋದರೆ ದಾರಿಯ ಬಹುಭಾಗ ಹೆದ್ದಾರಿ. ಮನಾಲಿ ಮುಟ್ಟುವಷ್ಟರಲ್ಲಿ ಬಟನ್ ಟೈರಿನ ನಡುಭಾಗ ಸಾಕಷ್ಟು ಸವೆದಿರುತ್ತದೆ. ಅಲ್ಲಿನ ನದಿ ದಾಟುವಿಕೆ, ಜಲ್ಲಿ, ಮರಳಿನ ಭಾಗಗಳನ್ನು ಸವಾರನ ತಾಳ್ಮೆಯಿದ್ದರೆ 70-30ರ ಟೈರ್ ದಾಟಿಸುತ್ತದೆ.

ಮುಂದಿನದು ಒರಟು, ಹಿಂದಿನದು ಬಾಳಿಕೆಯದು

ಎರಡೂ ಚಕ್ರಗಳಿಗೆ ಒಂದೇ ಮಾದರಿಯ ಟೈರ್ ಇರಲೇಬೇಕೆಂಬ ನಿಯಮವಿಲ್ಲ. ಸಡಿಲ ನೆಲದಲ್ಲಿ ಹಿಂದಿನ ಚಕ್ರ ಜಾರಿದರೆ ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ, ಮುಂದಿನದು ಜಾರಿದರೆ ಸಿಗುವುದಿಲ್ಲ. ಆದ್ದರಿಂದ ಮುಂದೆ ಸ್ವಲ್ಪ ಒರಟಾದ ಟೈರ್, ಹಿಂದೆ ಹೆಚ್ಚು ಬಾಳುವ ರಸ್ತೆ ಟೈರ್ ಹಾಕುವ ಕ್ರಮ ಅನುಭವಿ ಸವಾರರಲ್ಲಿದೆ. ಇದರ ವಿರುದ್ಧ ಜೋಡಣೆ, ಅಂದರೆ ಹಿಂದೆ ಬಟನ್, ಮುಂದೆ ರಸ್ತೆ ಟೈರ್, ನೋಡಲು ಚೆನ್ನಾಗಿದ್ದರೂ ಕೆಸರಿನಲ್ಲಿ ಮುಂದಿನ ಚಕ್ರವನ್ನು ನಂಬುವಂತಿಲ್ಲ.

ಟ್ಯೂಬ್ ಮತ್ತು ಟ್ಯೂಬ್‌ಲೆಸ್ ವಿಷಯದಲ್ಲಿ ನಿರ್ಧಾರ ಟೈರಿನದಲ್ಲ, ರಿಮ್ಮಿನದು. ಹಿಮಾಲಯನ್ 411ರ ಕಡ್ಡಿ ರಿಮ್ಮಿಗೆ ಟ್ಯೂಬ್ ಬೇಕು. ಟ್ಯೂಬ್‌ಲೆಸ್ ಎಂದು ಬರೆದಿರುವ ಟೈರನ್ನು ಅದರೊಳಗೆ ಟ್ಯೂಬ್ ಇಟ್ಟು ಬಳಸಬಹುದು. ಟ್ಯೂಬ್ ಬೇಕೆಂದು ಬರೆದಿರುವ ಟೈರನ್ನು ಟ್ಯೂಬ್ ಇಲ್ಲದೆ ಬಳಸುವಂತಿಲ್ಲ. ಟೈರ್ ಬದಲಿಸುವಾಗ ಟ್ಯೂಬನ್ನೂ ರಿಮ್ ಟೇಪನ್ನೂ ಬದಲಿಸುವುದು ಲೇಸು. ಹಿಗ್ಗಿದ ಹಳೆಯ ಟ್ಯೂಬ್ ಹೊಸ ಟೈರಿನೊಳಗೆ ಮಡಿಕೆ ಬಿದ್ದು ಅಲ್ಲೇ ಸೀಳುತ್ತದೆ. ದೂರ ಪ್ರಯಾಣಕ್ಕೆ 21 ಇಂಚಿನ ಒಂದು ಬಿಡಿ ಟ್ಯೂಬ್ ಇಟ್ಟುಕೊಂಡರೆ ತುರ್ತಿಗೆ ಹಿಂದಿನ 17 ಇಂಚಿನ ಚಕ್ರಕ್ಕೂ ತುರುಕಿ ಮುಂದಿನ ಊರು ಸೇರಬಹುದು.

ಅಂಗಡಿಯಲ್ಲಿ

ವಿದೇಶದ ವಿಮರ್ಶೆ ನೋಡಿ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡ ಟೈರ್ ನಮ್ಮಲ್ಲಿ ಸಿಗದೇ ಹೋಗುವುದು ಸಾಮಾನ್ಯ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ವರ್ಗಕ್ಕೆ ಸೇರಿಸಿದ ಮೇಲೆ ಹೊರದೇಶದ ಮಾದರಿಗಳು ಸಿಕ್ಕಾಗ ಸಿಕ್ಕಿದವು ಎಂಬಂತಾಯಿತು. ಭಾರತದಲ್ಲಿ ಮಾರುವ ದ್ವಿಚಕ್ರ ವಾಹನದ ಟೈರಿಗೆ ಐಎಸ್‌ಐ ಗುರುತು ಇರಬೇಕು. ಅದಿಲ್ಲದ ಆಮದು ಟೈರನ್ನು ಯಾರಾದರೂ ಕೈಯಿಂದ ಕೈಗೆ ಕೊಡುತ್ತೇನೆಂದರೆ ಯೋಚಿಸಬೇಕು. ಹಿಂದಿನ ಟೈರ್ ಬೇಗ ಸವೆಯುವುದರಿಂದ ಅದೇ ಮಾದರಿ ಮುಂದಿನ ವರ್ಷವೂ ಸಿಗುವುದೇ ಎಂದು ವಿಚಾರಿಸಿ. ಈ ಕಾರಣಕ್ಕೇ ಎಂಆರ್‌ಎಫ್, ಸಿಯಟ್, ಅಪೊಲೊ, ಟಿವಿಎಸ್ ಯೂರೋಗ್ರಿಪ್ ಮುಂತಾದ ಇಲ್ಲಿಯ ಕಂಪನಿಗಳ ಟೈರುಗಳನ್ನು ಮೊದಲು ನೋಡುವುದರಲ್ಲಿ ಅರ್ಥವಿದೆ. ಹೊಸ ಟೈರಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18 ಆಗಿದೆ. ಬಿಲ್ಲಿನಲ್ಲಿ ಆ ದರವನ್ನೇ ಹಾಕಿದ್ದಾರೆಯೇ ನೋಡಿಕೊಳ್ಳಿ.

ಹಣ ಕೊಡುವ ಮೊದಲು ಪಕ್ಕೆಯಲ್ಲಿ ನಾಲ್ಕು ಅಂಕಿಗಳ ತಯಾರಿಕೆಯ ಗುರುತನ್ನು ಹುಡುಕಿ. 3524 ಎಂದಿದ್ದರೆ 2024ರ 35ನೇ ವಾರ, ಅಂದರೆ ಆಗಸ್ಟ್ ಕೊನೆಯಲ್ಲಿ ತಯಾರಾದದ್ದು. ಗುರುತು ಟೈರಿನ ಒಂದೇ ಪಕ್ಕೆಯಲ್ಲಿರುವುದುಂಟು, ಆದ್ದರಿಂದ ಎರಡೂ ಬದಿ ತಿರುಗಿಸಿ ನೋಡಬೇಕು. ನೆರಳಿನಲ್ಲಿ ಇಟ್ಟ ಒಂದು ವರ್ಷದ ಟೈರಿನ ಬಗ್ಗೆ ಆತಂಕ ಬೇಡ. ಮೂರು ವರ್ಷ ದಾಟಿದ್ದರೆ ರಿಯಾಯಿತಿ ಎಷ್ಟೇ ಇದ್ದರೂ ಬೇರೆಯದನ್ನು ಕೇಳಿ.

ಹಾಕಿಸುವಾಗ ಮತ್ತು ಅನಂತರ

ಪಕ್ಕೆಯ ಮೇಲಿನ ಬಾಣ ಚಕ್ರ ತಿರುಗುವ ದಿಕ್ಕಿಗೇ ಇರಬೇಕು. ಕೆಲವು ಟೈರುಗಳಲ್ಲಿ ಹಳದಿ ಚುಕ್ಕೆಯಿರುತ್ತದೆ; ಅದು ಹಗುರವಾದ ಭಾಗ, ಅದನ್ನು ಗಾಳಿ ತುಂಬುವ ವಾಲ್ವಿನ ಪಕ್ಕಕ್ಕೇ ಬರುವಂತೆ ಕೂರಿಸುತ್ತಾರೆ. ಗಾಳಿ ತುಂಬಿದ ಮೇಲೆ ರಿಮ್ಮಿನ ಅಂಚಿಗೆ ಸಮೀಪದಲ್ಲಿ ಟೈರಿನ ಸುತ್ತ ಓಡುವ ತೆಳು ಗೆರೆಯನ್ನು ನೋಡಿ. ಗೆರೆಗೂ ರಿಮ್ಮಿಗೂ ಸುತ್ತಲೂ ಒಂದೇ ಅಂತರವಿದ್ದರೆ ಟೈರ್ ಸರಿಯಾಗಿ ಕುಳಿತಿದೆ. ಒಂದು ಕಡೆ ಒಳಸರಿದಿದ್ದರೆ ಗಾಳಿ ಬಿಟ್ಟು, ಸೋಪಿನ ನೀರು ಹಚ್ಚಿ ಮತ್ತೆ ತುಂಬಿಸಬೇಕೇ ಹೊರತು ಒತ್ತಡವನ್ನು ಏರಿಸುತ್ತಲೇ ಹೋಗಬಾರದು. ಟ್ಯೂಬ್ ಇರುವ ಚಕ್ರದಲ್ಲಿ ವಾಲ್ವಿನ ಬುಡದ ನಟ್ಟನ್ನು ಪಂಕ್ಚರ್ ಅಂಗಡಿಯವರು ರಿಮ್ಮಿಗೆ ಬಿಗಿಯಾಗಿ ತಿರುಗಿಸುವುದುಂಟು. ಅದನ್ನು ಸಡಿಲಿಸಿ ಮೇಲಿನ ಕ್ಯಾಪಿನ ಹತ್ತಿರಕ್ಕೆ ತರಬೇಕು. ಬ್ರೇಕಿನ ಹೊಡೆತಕ್ಕೆ ಟೈರ್ ರಿಮ್ಮಿನ ಮೇಲೆ ಸ್ವಲ್ಪ ಸರಿದಾಗ ಟ್ಯೂಬೂ ಸರಿದು ವಾಲ್ವ್ ಓರೆಯಾಗುತ್ತದೆ, ಅದನ್ನು ಕಂಡು ನಾವು ಎಚ್ಚರಗೊಳ್ಳಬಹುದು. ನಟ್ಟು ಬಿಗಿಯಾಗಿದ್ದರೆ ಓರೆಯಾಗುವ ಬದಲು ವಾಲ್ವ್ ಬುಡದಲ್ಲೇ ಹರಿಯುತ್ತದೆ.

ಗಾಳಿಯ ಅಳತೆಗೆ ಬೈಕಿನ ಮೇಲಿನ ಚೀಟಿ ಅಥವಾ ಕೈಪಿಡಿಯೇ ಆಧಾರ; ಟೈರಿನ ಪಕ್ಕೆಯಲ್ಲಿ ಬರೆದಿರುವುದು ಗರಿಷ್ಠ ಮಿತಿ. ಬೆಳಿಗ್ಗೆ ಹೊರಡುವ ಮೊದಲು, ಟೈರ್ ತಣ್ಣಗಿರುವಾಗ ಅಳೆಯಬೇಕು. ಬೆಂಗಳೂರಿನಲ್ಲಿ ತುಂಬಿಸಿದ ಗಾಳಿ ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ, ಉಷ್ಣತೆ ಅಷ್ಟೇ ಇದ್ದರೆ, ಗೇಜಿನಲ್ಲಿ 3ರಿಂದ 4 ಪಿಎಸ್‌ಐ ಹೆಚ್ಚು ತೋರಿಸುತ್ತದೆ, ಏಕೆಂದರೆ ಅಲ್ಲಿ ಹೊರಗಿನ ವಾತಾವರಣದ ಒತ್ತಡ ಕಡಿಮೆ; ಚಳಿ ಅದರಲ್ಲಿ ಒಂದಿಷ್ಟನ್ನು ಕಳೆಯುತ್ತದೆ. ಮಣ್ಣುದಾರಿಗಾಗಿ ಗಾಳಿ ಇಳಿಸುವವರು ಡಾಂಬರಿಗೆ ಬಂದ ಕೂಡಲೇ ತುಂಬಿಸಲು ಪಂಪು ಇಟ್ಟುಕೊಂಡಿರಬೇಕು.

ಹೊಸ ಟೈರಿನ ಮೇಲ್ಮೈ ನಯವಾಗಿ ಹೊಳೆಯುತ್ತಿರುತ್ತದೆ. ಮೊದಲ 150ರಿಂದ 200 ಕಿ.ಮೀ. ಜೋರಾದ ಬ್ರೇಕು, ಜೋರಾದ ವಾಲಿಕೆ ಎರಡೂ ಬೇಡ. ಪ್ರತಿದಿನ ಸ್ವಲ್ಪ ಸ್ವಲ್ಪವೇ ವಾಲಿಸುತ್ತ ಅಂಚಿನವರೆಗೆ ಆ ಹೊಳಪು ಹೋಗುವಂತೆ ಮಾಡಿಕೊಳ್ಳಬೇಕು. ಚಕ್ರ ಬಿಚ್ಚಿ ಹಾಕಿದ್ದರಿಂದ ಮೊದಲ ಸವಾರಿಯ ಬಳಿಕ ಆಕ್ಸಲ್ ನಟ್ಟಿನ ಬಿಗಿ, ಚೈನಿನ ಸಡಿಲ, ಕಡ್ಡಿಗಳ ಬಿಗಿತವನ್ನು ಮತ್ತೊಮ್ಮೆ ನೋಡಿ, ಟೈರ್ ಹಾಕಿಸಿದಾಗಿನ ಓಡೋಮೀಟರ್ ಅಂಕಿಯನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದಿಡಿ.